ಲಾಲ್‌ಬಾಗ್, ಕಬ್ಬನ್ ಪಾರ್ಕ್ ಮುಗೀತು. ಬೆಂಗಳೂರಲ್ಲಿ ಇನ್ನೇನಿದೆ?

ಪ್ರಶ್ನೆ: ನಾವು ಹಾಸನದ ಕಡೆಯವರು, ರಾಜಾಜಿನಗರದಲ್ಲಿ ಬಾಡಿಗೆಗಿದ್ದೇವೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ಬನ್ನೇರುಘಟ್ಟ, ವಿಶ್ವೇಶ್ವರಯ್ಯ ಮ್ಯೂಸಿಯಂ ಎಲ್ಲ ಎರಡೆರಡು ಸಲ ಆಯಿತು. ‘ಬೆಂಗಳೂರಿನವರಿಗೇ ಗೊತ್ತಿಲ್ಲದ ಜಲಪಾತ’ ಅಂತ ರೀಲ್ಸ್‌ನಲ್ಲಿ ನೋಡಿ ಹೋದರೆ ಅದು ಬೇಲಿ ಹಾಕಿದ ಹಳೇ ಕಲ್ಲು ಕ್ವಾರಿ. ಇನ್ನೊಂದು ವಾರ ಒಂದು ಕೆರೆ ನೋಡೋಣ ಅಂತ ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಗೇಟಿಗೆ ಬೀಗ. ಅಮ್ಮನಿಗೆ 68 ವರ್ಷ, ಮಂಡಿನೋವು. ಮಗನಿಗೆ 9. ನನಗೆ ಭಾನುವಾರ ಮಾತ್ರ ಬಿಡುವು, ಕಾರಿಲ್ಲ. ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಒಳ್ಳೆಯ ಜಾಗಗಳು ನಿಜಕ್ಕೂ ಉಳಿದಿವೆಯಾ? ಹುಡುಕುವುದು ಹೇಗೆ? ದುಡ್ಡು ಕೊಟ್ಟು ಹೆರಿಟೇಜ್ ವಾಕ್‌ಗೆ ಸೇರಿದರೆ ಲಾಭವಿದೆಯಾ?

ಉತ್ತರ: ಉಳಿದಿವೆ, ಬೇಕಾದಷ್ಟಿವೆ. ಆದರೆ ನೀವು ಹುಡುಕುತ್ತಿರುವ ದಿಕ್ಕು ಬೇರೆ. ಯಾರೂ ಕಾಲಿಡದ ಜಾಗ ಊರಿನ ಹೊರಗೆಲ್ಲೋ ಅಡಗಿದೆ ಎಂದು ರೀಲ್ಸ್ ನಂಬಿಸುತ್ತವೆ. ಬೆಂಗಳೂರಿನಲ್ಲಿ ಜನರ ಕಣ್ಣಿಗೆ ಬೀಳದೆ ಉಳಿದಿರುವುದರಲ್ಲಿ ಹೆಚ್ಚಿನದು ಊರ ನಡುವೆಯೇ, ಬಸ್ ಸ್ಟಾಪಿನ ಪಕ್ಕದಲ್ಲೇ ಇದೆ. ಹೊತ್ತು ತಪ್ಪಿ ಹೋದರೆ ಸಿಗುವುದಿಲ್ಲ, ಏನು ನೋಡಬೇಕೆಂದು ತಿಳಿಯದೆ ಹೋದರೆ ಸಿಕ್ಕರೂ ಕಾಣುವುದಿಲ್ಲ.

ಮೊದಲು ಆ ‘ಜಲಪಾತ’ದ ಮಾತು ಮುಗಿಸೋಣ, ಅದು ಜೀವದ ಪ್ರಶ್ನೆ. ಬೆಂಗಳೂರಿನ ಸುತ್ತ ಕಟ್ಟಡದ ಕಲ್ಲಿಗಾಗಿ ಬಂಡೆ ಒಡೆದು ಬಿಟ್ಟ ಗುಂಡಿಗಳು ಬಹಳ ಇವೆ. ಮಳೆ ನೀರು ತುಂಬಿದಾಗ ಫೋಟೋದಲ್ಲಿ ಹಸಿರು ಕೊಳದ ಹಾಗೆ ಕಾಣುತ್ತವೆ. ಕೆರೆಗೆ ಇರುವಂಥ ಇಳಿಜಾರು ದಡ ಇವಕ್ಕಿಲ್ಲ. ಬಂಡೆಯನ್ನು ನೇರವಾಗಿ ಕತ್ತರಿಸಿರುತ್ತಾರೆ, ಅಂಚಿನಿಂದ ಒಂದೇ ಹೆಜ್ಜೆಗೆ ಆಳ. ಬಿದ್ದವರಿಗೆ ಕಾಲಿಡಲು ಜಾಗವಿಲ್ಲ, ಪಾಚಿಗಟ್ಟಿದ ಕಲ್ಲು ಕೈಗೆ ಸಿಗುವುದಿಲ್ಲ, ಈಜು ಬಂದವರೂ ಮೇಲೆ ಬರಲಾಗದೆ ಸೋಲುತ್ತಾರೆ. ಹೊರಡುವ ಮುಂಚೆ ಮೊಬೈಲ್ ಮ್ಯಾಪ್‌ನಲ್ಲಿ ಉಪಗ್ರಹ ಚಿತ್ರ ಹಾಕಿ ನೋಡಿ. ಹಳ್ಳವಾಗಿದ್ದರೆ ನೀರು ಬರುವ ಗೆರೆ, ಹೋಗುವ ಗೆರೆ ಎರಡೂ ಕಾಣುತ್ತವೆ. ಕ್ವಾರಿಯಾದರೆ ಚೌಕಾಕಾರದ ಅಂಚು, ಸುತ್ತ ಬಿಳಿ ಕಲ್ಲುಪುಡಿ, ಲಾರಿ ಹೋದ ಮಣ್ಣಿನ ದಾರಿ. ಚಿತ್ರದಲ್ಲಿ ಅದು ಕಂಡಮೇಲೆ ಮಗನನ್ನು ಕರೆದುಕೊಂಡು ಹೋಗುವ ಮಾತೇ ಬೇಡ.

ಎರಡನೆಯ ತಪ್ಪು ನಂಬಿಕೆ, ಬೆಂಗಳೂರು ಹೊಸ ಊರು, ಇಲ್ಲಿ ಹಳೆಯದೇನೂ ಇಲ್ಲ ಎನ್ನುವುದು. ಕೆಂಪೇಗೌಡರು 1537ರಲ್ಲಿ ಕೋಟೆ, ಪೇಟೆ ಕಟ್ಟಿದ್ದು ನಿಜ. ಆದರೆ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ಬೇಗೂರಿನ ದೇವಸ್ಥಾನದಲ್ಲಿ ‘ಬೆಂಗಳೂರು ಕಾಳಗ’ವನ್ನು ಹೇಳುವ ಶಾಸನ ಸುಮಾರು ಕ್ರಿ.ಶ. 900ರದು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿ, ಮಡಿವಾಳದ ಸೋಮೇಶ್ವರ ಗುಡಿಗಳ ಗೋಡೆಯ ಮೇಲೆ ತಮಿಳು ಶಾಸನಗಳಿವೆ. ಇವೆಲ್ಲ ಒಂದು ಕಾಲಕ್ಕೆ ಬೇರೆಬೇರೆ ಊರುಗಳು. ಬಡಾವಣೆಗಳು ಬಂದು ಅವುಗಳನ್ನು ನುಂಗಿದವು. ಊರಿನ ಗುಡಿ, ಅರಳಿಕಟ್ಟೆ, ಕೆರೆ ಏರಿ, ವೀರಗಲ್ಲು ಮಾತ್ರ ಇದ್ದಲ್ಲೇ ಉಳಿದವು. ಫಲಕವಿಲ್ಲ, ಟಿಕೆಟ್ ಕೌಂಟರ್ ಇಲ್ಲ, ಹಾಗಾಗಿ ಯಾವ ಪಟ್ಟಿಗೂ ಸೇರಲಿಲ್ಲ.

ಹುಡುಕುವ ದಾರಿಯೂ ಇದರಿಂದಲೇ ಸಿಗುತ್ತದೆ. ಮ್ಯಾಪ್‌ನಲ್ಲಿ ಯಾವುದಾದರೂ ಕೆರೆ ತೆಗೆಯಿರಿ. ಅದರ ಒಂದು ಬದಿ ನೆಟ್ಟಗಿರುತ್ತದೆ, ಉಳಿದ ಬದಿಗಳು ಅಂಕುಡೊಂಕು. ನೆಟ್ಟಗಿರುವುದೇ ಏರಿ. ಹಳೆಯ ಊರು ಸಾಮಾನ್ಯವಾಗಿ ಏರಿಯ ಆಸುಪಾಸಿನಲ್ಲೇ ಇರುತ್ತದೆ. ಅಲ್ಲಿನ ರಸ್ತೆಗಳನ್ನು ಗಮನಿಸಿ: ಬಡಾವಣೆಯ ಕ್ರಾಸು-ಮೇನುಗಳು ಚೌಕುಳಿಯಾಗಿದ್ದರೆ ಹಳೇ ಊರಿನ ಬೀದಿಗಳು ಸುತ್ತಿಕೊಂಡು, ಕಿರಿದಾಗಿ ಗುಡಿಯತ್ತ ಹೋಗುತ್ತವೆ. ಆ ಸುತ್ತಿಕೊಂಡ ಭಾಗಕ್ಕೆ ಬೆಳಗ್ಗೆ ಎಂಟಕ್ಕೆ ಹೋಗಿ ಹೂವು ಕಟ್ಟುವವರನ್ನೋ ಗುಡಿಯ ಅರ್ಚಕರನ್ನೋ ‘ಇಲ್ಲಿ ಹಳೇ ಕಲ್ಲು ಎಲ್ಲಿದೆ’ ಎಂದು ಕೇಳಿ. ‘ಶಾಸನ’ ಎಂದು ಕೇಳಿದರೆ ಎಷ್ಟೋ ಕಡೆ ಗೊತ್ತಾಗುವುದಿಲ್ಲ. ‘ವೀರರ ಕಲ್ಲು’, ‘ಪೂಜೆ ಮಾಡೋ ಕಲ್ಲು’ ಎಂದರೆ ಕೈಹಿಡಿದು ಕರೆದೊಯ್ಯುತ್ತಾರೆ.

ಕಲ್ಲು ಸಿಕ್ಕಿದ ಮೇಲೆ ಅದನ್ನು ಓದುವ ಕ್ರಮವಿದೆ, ನಿಮ್ಮ ಮಗನಿಗೆ ಇದೇ ಆಟವಾಗಬಹುದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ ಅಥವಾ ದನ ಬಿಡಿಸುವ ಹೋರಾಟ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಅವನು ದೇವರ ಸನ್ನಿಧಿ ಸೇರಿದ ಚಿತ್ರ. ತುದಿಯ ಸೂರ್ಯ-ಚಂದ್ರ ಎಂದರೆ ಅವರಿರುವ ತನಕ ಈ ಕೀರ್ತಿ ಇರಲಿ ಎಂದು. ಬಳೆ ತೊಟ್ಟ ಒಂದು ಕೈ ಮಾತ್ರ ಎತ್ತಿದಂತಿದ್ದರೆ ಅದು ಮಾಸ್ತಿಕಲ್ಲು, ಗಂಡನ ಚಿತೆಯೇರಿದ ಹೆಂಡತಿಯ ನೆನಪಿನ ಕಲ್ಲು. ಅಕ್ಷರಗಳು ನಡುಹಗಲಿನ ಬಿಸಿಲಿಗೆ ಕಾಣುವುದಿಲ್ಲ. ಬೆಳಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ, ಬಿಸಿಲು ಕಲ್ಲಿನ ಮೇಲೆ ಅಡ್ಡಲಾಗಿ ಬೀಳುವಾಗ ನೋಡಿ. ನೆರಳಲ್ಲಿದ್ದರೆ ಮೊಬೈಲ್ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಒತ್ತಿದಂತೆ ಹಿಡಿಯಿರಿ, ಎದುರಿನಿಂದ ಬೇಡ. ತಗ್ಗಿನಲ್ಲಿ ನೆರಳು ಕೂತು ಅಕ್ಷರ ಎದ್ದು ಬರುತ್ತದೆ. ಸೀಮೆಸುಣ್ಣ ಬಳಿಯುವುದು, ಅರಿಸಿನ ಉಜ್ಜುವುದು, ಎಣ್ಣೆ ಹಚ್ಚುವುದು ದಯವಿಟ್ಟು ಬೇಡ. ಎಣ್ಣೆ ಧೂಳು ಹಿಡಿದು ವರ್ಷಗಳಲ್ಲಿ ಗಟ್ಟಿ ಪದರವಾಗುತ್ತದೆ, ಅದನ್ನು ಕೆರೆಯಲು ಹೋದವರು ಅಕ್ಷರವನ್ನೇ ಕೆರೆದುಬಿಡುತ್ತಾರೆ. ನೃಪತುಂಗ ರಸ್ತೆಯ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿರುವುದು ಇಂಥ ನಷ್ಟ ಆಗುವ ಮುಂಚೆ ಉಳಿಸಿಕೊಳ್ಳಲೆಂದೇ.

ಬೇಗೂರಿಗೆ ನಿಮಗೆ ಮೆಟ್ರೊ ಅನುಕೂಲ. ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, ಹಳದಿ ಮಾರ್ಗ ಹಿಡಿದು ಹೊಂಗಸಂದ್ರದಲ್ಲಿ ಇಳಿದು ಆಟೊ ಮಾಡಿ. ನಾಗೇಶ್ವರ ದೇವಸ್ಥಾನವನ್ನು ಪಂಚಲಿಂಗೇಶ್ವರ ಎಂದೂ ಕರೆಯುತ್ತಾರೆ, ಎರಡೂ ಹೆಸರು ಹೇಳಿ. ಪ್ರಾಕಾರ ಸಮತಟ್ಟು, ಅಮ್ಮನಿಗೆ ಕಷ್ಟವಿಲ್ಲ. ಗುಡಿಗಳು ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತವೆ, ಆದ್ದರಿಂದ ಹತ್ತರೊಳಗೆ ತಲುಪುವಂತೆ ಹೊರಡಿ. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು, ಆನೆ ಕುದುರೆಗಳ ಕಾಳಗ ಕೆತ್ತಿದ್ದು, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಸಂಗ್ರಹಾಲಯದಲ್ಲಿ ಆತಕೂರಿನ ಶಾಸನವೂ ಇದೆ, ಸುಮಾರು ಕ್ರಿ.ಶ. 950ರದು. ಕಾಳಿ ಎಂಬ ಬೇಟೆನಾಯಿ ಹಂದಿಯ ಜೊತೆ ಹೋರಾಡಿ ಸತ್ತದ್ದನ್ನು ಅದರಲ್ಲಿ ಕೆತ್ತಿದ್ದಾರೆ, ಬರೆದಿದ್ದಾರೆ. ಒಂಬತ್ತು ವರ್ಷದ ಹುಡುಗನಿಗೆ ಇಡೀ ಮ್ಯೂಸಿಯಂನಲ್ಲಿ ಇದೊಂದು ನೆನಪಿದ್ದರೂ ಸಾಕು. ಸೋಮವಾರ ರಜೆ. ದುರಸ್ತಿ ಕೆಲಸಕ್ಕೆ ಕೆಲವು ಕೋಣೆ ಮುಚ್ಚಿರುವುದೂ ಉಂಟು, ಫೋನ್ ಮಾಡಿ ಹೋಗಿ.

ಇನ್ನು ಪೇಟೆ. ರಾಜಾಜಿನಗರದಿಂದ ಕೆ.ಆರ್. ಮಾರ್ಕೆಟ್‌ಗೆ ರೈಲು ಬದಲಿಸದೆ ಬರಬಹುದು, ನಿಮ್ಮ ಮೊದಲ ಭಾನುವಾರಕ್ಕೆ ಇದನ್ನೇ ಹೇಳುತ್ತೇನೆ. ಹೂವಿನ ಮಾರುಕಟ್ಟೆಯ ನಿಜವಾದ ವ್ಯಾಪಾರ ಬೆಳಕು ಹರಿಯುವ ಮುಂಚೆಯೇ ಶುರು, ಎಂಟರ ಹೊತ್ತಿಗೆ ಇಳಿಯುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ: ಭಾನುವಾರ ಮೆಟ್ರೊ ಬೇರೆ ದಿನಗಳಿಗಿಂತ ತಡವಾಗಿ ಶುರುವಾಗುತ್ತದೆ, ಆರಕ್ಕೆ ಮಾರುಕಟ್ಟೆಯಲ್ಲಿರಬೇಕೆಂದರೆ ಆಟೊ ಅಥವಾ ಬಸ್ಸೇ ಗತಿ. ಮೊದಲ ರೈಲಿನ ಸಮಯ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ನೆಲ ಸದಾ ಒದ್ದೆ, ಸೇವಂತಿಗೆ ದಂಟು, ಬಾಳೆ ಎಲೆ ಬಿದ್ದಿರುತ್ತವೆ. ಹವಾಯಿ ಚಪ್ಪಲಿ ಬೇಡ. ಮೂಟೆ ಹೊತ್ತವರು ‘ಸೈಡು ಸೈಡು’ ಎಂದಾಗ ನಿಂತು ಫೋಟೋ ತೆಗೆಯಬೇಡಿ, ಅವರಿಗೆ ಆ ಕೂಗೇ ಬ್ರೇಕು. ಮೊದಲ ಮಹಡಿಯ ಮೊಗಸಾಲೆಯಿಂದ ಕೆಳಗೆ ನೋಡಿದರೆ ಚಿತ್ರವೂ ಚೆನ್ನ, ಯಾರಿಗೂ ಅಡ್ಡಿಯಿಲ್ಲ. ಅಮ್ಮನಿಗೆ ಇದು ಆಗದು. ವರಮಹಾಲಕ್ಷ್ಮಿ, ಆಯುಧಪೂಜೆಯ ಹಿಂದಿನ ದಿನಗಳಂತೂ ನಿಮಗೂ ಬೇಡ.

ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಮಾರುಕಟ್ಟೆ ಬಿಟ್ಟು ಒಂಬತ್ತಕ್ಕೆ ಕೋಟೆಯಿಂದ ಶುರುಮಾಡಿ. ಮಣ್ಣಿನ ಕೋಟೆಯನ್ನು ಹೈದರ್ ಅಲಿ 1761ರಲ್ಲಿ ಕಲ್ಲಿನದಾಗಿ ಕಟ್ಟಿಸಿದ. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ಒಂದು ತುಣುಕು, ಅಷ್ಟೇ. ನಿರಾಸೆಯಾಗುವುದು ಸಹಜ. ಬಾಗಿಲ ಒಳದಾರಿ ಎಷ್ಟು ಸಲ ತಿರುಗುತ್ತದೆ ಎಣಿಸಿ: ಆನೆ ಓಡಿ ಬಂದು ಗುದ್ದಲಾಗದಂತೆ, ಒಳಹೊಕ್ಕವರು ಎರಡೂ ಗೋಡೆಗಳ ಮೇಲಿನ ಬಂದೂಕಿಗೆ ಸಿಗುವಂತೆ ಮಾಡಿದ ಉಪಾಯ ಅದು. 1791ರ ಮಾರ್ಚ್ 21ರಂದು ಬ್ರಿಟಿಷರು ಒಡೆದು ನುಗ್ಗಿದ ಜಾಗಕ್ಕೆ ಹೊರಗೆ ಕಲ್ಲುಫಲಕವಿದೆ. ಬಹುತೇಕರು ಫಲಕದ ಮುಂದೆಯೇ ಬಸ್ಸಿಗೆ ಕಾಯುತ್ತಾ ನಿಂತಿರುತ್ತಾರೆ! ಅಲ್ಲಿಂದ ಸುಮಾರು ಅರ್ಧ ಕಿಲೋಮೀಟರಿನಲ್ಲಿ ಕೋಟೆ ವೆಂಕಟರಮಣ ದೇವಸ್ಥಾನ, ಅದರ ಮಗ್ಗುಲಿಗೇ ಟಿಪ್ಪುವಿನ ಬೇಸಿಗೆ ಅರಮನೆ. ದೇವಸ್ಥಾನ ಚಿಕ್ಕದೇವರಾಜ ಒಡೆಯರ ಕಾಲದ್ದು. ಅರಮನೆಯನ್ನು ಹೈದರ್ ಶುರುಮಾಡಿಸಿ ಟಿಪ್ಪು 1791ರಲ್ಲಿ ಮುಗಿಸಿದ, ಕಂಬ ಕಮಾನುಗಳೆಲ್ಲ ಮರದವು. ಅರಮನೆಗೆ ಟಿಕೆಟ್ ಇದೆ, ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15ರೊಳಗಿನ ಮಕ್ಕಳಿಗಿಲ್ಲ. ಮೇಲಂತಸ್ತಿನ ಮೆಟ್ಟಿಲು ಕಡಿದು ಕಿರಿದಾಗಿವೆ, ಅಮ್ಮ ಕೆಳಗಿನ ಮೊಗಸಾಲೆಯಲ್ಲೇ ಕೂರಲಿ, ಬಣ್ಣದ ಕೆಲಸ ಅಲ್ಲೂ ಕಾಣುತ್ತದೆ.

ಚಿಕ್ಕಪೇಟೆ, ಅವೆನ್ಯೂ ರಸ್ತೆ, ನಗರ್ತಪೇಟೆಯ ಕಡೆ ಭಾನುವಾರ ಹೋಗಬೇಕೋ ವಾರದ ದಿನವೋ ಎನ್ನುವುದಕ್ಕೆ ಒಂದೇ ಉತ್ತರವಿಲ್ಲ. ಭಾನುವಾರ ಬೆಳಗ್ಗೆ ಹೆಚ್ಚಿನ ಸಗಟು ಅಂಗಡಿಗಳ ಬಾಗಿಲು ಇಳಿದಿರುತ್ತದೆ, ಕೈಗಾಡಿ, ಗೂಡ್ಸ್ ಆಟೊ ಇರುವುದಿಲ್ಲ. ತಲೆಯೆತ್ತಿ ನಡೆಯಬಹುದು, ಬೋರ್ಡುಗಳ ಮೇಲಿನ ಹಳೇ ಮಹಡಿ, ಗಾರೆ ಕೆಲಸ, ಮರದ ಕಿಟಕಿ ಕಾಣುತ್ತವೆ. ಆದರೆ ಪೇಟೆ ಬದುಕುವುದೇ ವ್ಯಾಪಾರದಲ್ಲಿ, ಅದು ನೋಡಲು ಸಿಗುವುದಿಲ್ಲ. ವಾರದ ದಿನ ವ್ಯಾಪಾರ ಕಾಣುತ್ತದೆ, ಕಟ್ಟಡ ಕಾಣುವುದಿಲ್ಲ, ಮಕ್ಕಳ ಕೈ ಬಿಡುವಂತಿಲ್ಲ. ನಿಮ್ಮ ಕುಟುಂಬಕ್ಕೆ ಭಾನುವಾರವೇ ವಾಸಿ. ದಾರಿ ತಪ್ಪಿದರೆ ಗಾಬರಿ ಬೇಡ. ಅವೆನ್ಯೂ ರಸ್ತೆಯೇ ಹಳೆಯ ದೊಡ್ಡಪೇಟೆ, ಅದನ್ನು ಹಿಡಿದರೆ ದಕ್ಷಿಣಕ್ಕೆ ಮಾರುಕಟ್ಟೆ, ಉತ್ತರಕ್ಕೆ ಮೈಸೂರು ಬ್ಯಾಂಕ್ ವೃತ್ತ.

ಕರಗ ನೋಡಬೇಕೆನಿಸಿದರೆ ಅದು ಚೈತ್ರ ಹುಣ್ಣಿಮೆಯ ರಾತ್ರಿ. ತಿಗಳರ ಧರ್ಮರಾಯಸ್ವಾಮಿ ಗುಡಿಯಿಂದ ನಡುರಾತ್ರಿ ದಾಟಿ ಹೊರಟು ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಗುಡಿಯ ಬಾಗಿಲಲ್ಲಿ ಉಸಿರು ಕಟ್ಟುವ ನೂಕುನುಗ್ಗಲು, ಮಕ್ಕಳೊಂದಿಗೆ ಅಲ್ಲಿ ನಿಲ್ಲುವುದು ಅಪಾಯ. ಬೆಳಗಿನ ಜಾವ ದಾರಿ ನಡುವಿನ ಪೇಟೆಯಲ್ಲಿ ಯಾರದಾದರೂ ಅಂಗಡಿ ಜಗಲಿ ಸಿಕ್ಕರೆ ಒಳ್ಳೆಯದು. ಬಸವನಗುಡಿಯ ಕಡಲೆಕಾಯಿ ಪರಿಷೆ ಇದಕ್ಕಿಂತ ಸಲೀಸು. ಕಾರ್ತಿಕದ ಕೊನೆಯ ಸೋಮವಾರ ಮುಖ್ಯ ದಿನವಾದರೂ ಹಿಂದಿನ ಭಾನುವಾರವೇ ರಾಶಿಗಳು ಕೂತಿರುತ್ತವೆ. ಬೆಳಗ್ಗೆ ಎಂಟಕ್ಕೆ ಹೋದರೆ ರೈತರೊಡನೆ ಮಾತಾಡಲೂ ಬಿಡುವಿರುತ್ತದೆ, ಸಂಜೆ ಐದರ ಮೇಲೆ ಬುಲ್ ಟೆಂಪಲ್ ರಸ್ತೆಯಲ್ಲಿ ಹೆಜ್ಜೆಯಿಡಲಾಗದು.

ದೊಡ್ಡ ಬಸವಣ್ಣನವರೆಗೆ ಹೋಗುವವರಲ್ಲಿ ಬಹುಪಾಲು ಅಲ್ಲಿಂದಲೇ ಹಿಂದಿರುಗುತ್ತಾರೆ. ಗವಿಪುರ ಅಲ್ಲಿಂದ ಒಂದು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬಿನ ನಡುವೆ ಬಿಸಿಲು ಹಾದು ಲಿಂಗ ಮುಟ್ಟುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಆ ದಿನ ಗುಡಿಗೆ ಹೋದವರೂ ನೋಡುವುದು ಹೊರಗಿನ ಪರದೆಯಲ್ಲೇ. ಸಾಮಾನ್ಯ ಭಾನುವಾರ ಬನ್ನಿ, ಅಂಗಳದ ಒಂಟಿ ಕಲ್ಲಿನ ಸೂರ್ಯಪಾನ, ಚಂದ್ರಪಾನ ಎಂಬ ದೊಡ್ಡ ಕಲ್ಲು ತಟ್ಟೆಗಳನ್ನು ನಿಂತು ನೋಡಬಹುದು. ಗರ್ಭಗುಡಿಯ ಪ್ರದಕ್ಷಿಣೆ ಬಂಡೆಯಡಿಯಲ್ಲಿ ಬಗ್ಗಿ ಹೋಗುವಂಥದ್ದು, ಮಂಡಿನೋವಿನವರು ಎದುರಿನಿಂದಲೇ ಕೈಮುಗಿಯುವುದು ಒಳ್ಳೆಯದು. ಅಲ್ಲೇ ಹತ್ತಿರ ಹರಿಹರೇಶ್ವರ ಗುಡ್ಡ ಮತ್ತು ಕೆಂಪಾಂಬುಧಿ ಕೆರೆ ಏರಿಯ ಗೋಪುರ. ಕೆಂಪೇಗೌಡರ ಹೆಸರಿನ ನಾಲ್ಕು ಗಡಿ ಗೋಪುರಗಳಲ್ಲಿ ಲಾಲ್‌ಬಾಗ್ ಬಂಡೆಯದು ಎಲ್ಲರಿಗೂ ಗೊತ್ತು, ಹಲಸೂರು, ಮೇಖ್ರಿ ವೃತ್ತ ಮತ್ತು ಇಲ್ಲಿಯದನ್ನು ಹುಡುಕಿ ಹೋಗುವವರು ಕಡಿಮೆ. ನಾಲ್ಕನ್ನೂ ಒಂದೇ ದಿನ ಮುಗಿಸುವ ಆಸೆ ಬೇಡ, ಟ್ರಾಫಿಕ್ಕಿನಲ್ಲೇ ದಿನ ಹೋಗುತ್ತದೆ.

ಕೆರೆಗಳಿಗೆ ಬೀಗ ಬಿದ್ದಿರುವುದೇಕೆಂದರೆ, ಬೇಲಿ ಹಾಕಿದ ಕೆರೆಗಳನ್ನು ಸಾಮಾನ್ಯವಾಗಿ ಬೆಳಗ್ಗೆ ಮತ್ತು ಸಂಜೆ ಮಾತ್ರ ತೆರೆಯುತ್ತಾರೆ. ಕಾವಲಿಗೆ ಜನ ಸಾಲದು, ನಡುಹಗಲು ಯಾರಾದರೂ ನೀರಿಗಿಳಿದರೆ ನೋಡುವವರಿಲ್ಲ. ಆರೂವರೆಯಿಂದ ಒಂಬತ್ತರೊಳಗೆ ಹೋಗಿ. ನವೆಂಬರಿನಿಂದ ಫೆಬ್ರುವರಿವರೆಗೆ ವಲಸೆ ಹಕ್ಕಿಗಳೂ ಇರುತ್ತವೆ. ಜಕ್ಕೂರು ಕೆರೆ ಒಳ್ಳೆಯ ಆಯ್ಕೆ, ಶುದ್ಧೀಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುವುದನ್ನು ಮಗನಿಗೆ ತೋರಿಸಬಹುದು. ನೀರೇ ಇಲ್ಲದ ಕೆರೆಗಳನ್ನು ಹುಡುಕುವುದೂ ಒಂದು ಒಳ್ಳೆಯ ಸುತ್ತಾಟ: ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಸಂಪಂಗಿಯ ಒಂದು ಚಿಕ್ಕ ಕೊಳ ಇನ್ನೂ ಉಳಿದಿದೆ, ಕರಗದ ವಿಧಿಗಳಿಗೆ ಬೇಕೆಂದು.

ತುರಹಳ್ಳಿ ಕಾಡಿನ ಬಗ್ಗೆ ಎರಡೇ ಮಾತು. ಹಸಿರು ಮಾರ್ಗದಲ್ಲೇ ತಲಘಟ್ಟಪುರದ ಕಡೆ ಬಂದು ಆಟೊ ಮಾಡಬಹುದು, ಬಂಡೆಗಳು ಚೆಂದ. ಆದರೆ ಅದು ಅರಣ್ಯ ಇಲಾಖೆಯ ಜಾಗ, ಅವರು ಹೇಳಿದ ಹೊತ್ತಿಗೆ ಒಳಗೆ, ಹೇಳಿದ ಹೊತ್ತಿಗೆ ಹೊರಗೆ. ಮಳೆ ಬಂದ ಎರಡು ದಿನ ಬಂಡೆ ಹತ್ತಬೇಡಿ, ಅಮ್ಮನನ್ನು ಕರೆದುಕೊಂಡು ಹೋಗಲೇಬೇಡಿ.

ಮಳೆಗಾಲದ ಮಧ್ಯಾಹ್ನಕ್ಕೆ, ಮಂಡಿಗೆ ಬಿಡುವು ಬೇಕಾದ ದಿನಕ್ಕೆ ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ‘ಮ್ಯಾಪ್’, ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಇವೆ. ಕೊನೆಯದರ ಅಂಗಳದಲ್ಲಿ ಮಕ್ಕಳೇ ಬಡಿದು ನುಡಿಸುವ ವಾದ್ಯಗಳಿವೆ. ಮೂರಕ್ಕೂ ಸೋಮವಾರ ರಜೆ, ಭಾನುವಾರ ತೆರೆದಿರುತ್ತವೆ.

ಹೆರಿಟೇಜ್ ವಾಕ್: ಒಂದು ಸಲ ಸೇರಿ, ಪೇಟೆಗೇ ಸೇರಿ. ಮುಚ್ಚಿದ ಬಾಗಿಲು ತೆಗೆಸುವ ಪರಿಚಯ ಅವರಿಗಿರುತ್ತದೆ, ಯಾವ ಗೋಡೆ ಯಾವ ಕಾಲದ್ದೆಂದು ನೋಡುವ ಕಣ್ಣು ನಿಮಗೆ ಬರುತ್ತದೆ. ಆಮೇಲೆ ನೀವೇ ತಿರುಗಬಹುದು. ಪರಂಪರೆ ಉಳಿಸುವ ಕೆಲಸದ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಶಾಖೆ ಇಂಥ ನಡಿಗೆಗಳನ್ನು ನಡೆಸುತ್ತದೆ, ಖಾಸಗಿಯವರೂ ಇದ್ದಾರೆ. ಹಣ ಕಟ್ಟುವ ಮುಂಚೆ ಐದು ವಿಷಯ ಕೇಳಿ. ಗುಂಪಿನಲ್ಲಿ ಎಷ್ಟು ಜನ? ಹದಿನೈದು ದಾಟಿದರೆ ಪೇಟೆಯ ಸದ್ದಿನಲ್ಲಿ ಹಿಂದಿನವರಿಗೆ ಏನೂ ಕೇಳುವುದಿಲ್ಲ. ಕನ್ನಡದಲ್ಲಿ ಹೇಳುತ್ತಾರಾ? ಎಷ್ಟೋ ನಡಿಗೆಗಳು ಇಂಗ್ಲಿಷಿನಲ್ಲೇ ನಡೆಯುತ್ತವೆ, ಅಮ್ಮನಿಗೆ ಬೇಸರವಾದೀತು. ನಡೆಯುವ ದೂರ ಎಷ್ಟು, ನಡುವೆ ಕೂರಲು ಜಾಗ, ಶೌಚಾಲಯ ಎಲ್ಲಿ? ಮಳೆ ಬಂದರೆ ಹಣ ವಾಪಸ್ಸಾ, ಬೇರೆ ದಿನವಾ? ಐದನೆಯದು, ದಾರಿಯಲ್ಲಿ ಎಷ್ಟು ಅಂಗಡಿಗೆ ಕರೆದೊಯ್ಯುತ್ತಾರೆ? ರೇಷ್ಮೆ ಅಂಗಡಿ, ತಿಂಡಿ ಅಂಗಡಿಗಳಲ್ಲೇ ಅರ್ಧ ಹೊತ್ತು ಕಳೆಯುವ ನಡಿಗೆಯಾದರೆ ನಿಮ್ಮ ದುಡ್ಡಿಗೆ ಸಿಗುವುದು ಶಾಪಿಂಗ್.